ಹಸಿರು ದೀಪದ ಗೋಧಿ

ನವಲಹಾಳದ ಜನ ಒಬ್ಬರನ್ನೊಬ್ಬರು ಅಷ್ಟಾಗಿ ನಂಬುತ್ತಿರಲಿಲ್ಲ. ಆದರೆ ದಾವಲಸಾಬರ ಗಿರಣಿಯ ಗೋಡೆಗೆ ಬಡಿದಿದ್ದ ಪೆಟ್ಟಿಗೆಯನ್ನು ಎಲ್ಲರೂ ನಂಬುತ್ತಿದ್ದರು. ಊಟದ ಡಬ್ಬಿಗಿಂತ ತುಸು ದೊಡ್ಡದು, ಬೂದು ಬಣ್ಣ, ಮುಂದೆ ಒಂದು ಬಟ್ಟಲು, ಮೇಲೆ ಎರಡು ದೀಪ. ಬೀಸಲು ತಂದ ಕಾಳಿನಲ್ಲಿ ಒಂದು ಹಿಡಿಯನ್ನು ಬಟ್ಟಲಿಗೆ ಹಾಕಬೇಕು. ಪೆಟ್ಟಿಗೆ ಅದನ್ನು ಮೂಸುತ್ತದೆ. ಹಸಿರು ದೀಪ ಹೊತ್ತಿದರೆ ಗಿರಣಿಯ ಮೋಟಾರಿಗೆ ಕರೆಂಟು ಹರಿಯುತ್ತದೆ. ಕೆಂಪು ಹೊತ್ತಿದರೆ ಮೋಟಾರು ಮಲಗಿತು. ಗೋಧಿ ಸಂಶೋಧನಾ ಕೇಂದ್ರದಿಂದ ಮನುಷ್ಯ ಬಂದು ಚೀಲಕ್ಕೆ ಸೀಲು ಒತ್ತಿ ಬೀಗ ತೆಗೆಯುವವರೆಗೆ ಊರಿಗೆ ಹಿಟ್ಟಿಲ್ಲ.

ಜನ ಅದಕ್ಕೆ ಮೂಗಪ್ಪ ಎಂದು ಹೆಸರಿಟ್ಟಿದ್ದರು. ಆಯುಧಪೂಜೆಯ ದಿನ ಹೆಂಗಸರು ಬಂದು ಅದಕ್ಕೆ ಕುಂಕುಮ ಹಚ್ಚುವುದನ್ನು ದಾವಲಸಾಬರು ಬೇಡ ಎನ್ನುತ್ತಿರಲಿಲ್ಲ. ಮೂಸುವ ತೂತಿಗೆ ಮಾತ್ರ ಹಚ್ಚಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿ ಏನು ಓದಿದ್ದಾಳೆ ಎನ್ನುವುದಕ್ಕೆ ಮೊದಲು ನಿಮ್ಮ ಹೊಲದ ಕಾಳು ಹಸಿರೋ ಎಂದು ಕೇಳುವುದು ರೂಢಿಯಾಗಿತ್ತು.

ಇಷ್ಟೆಲ್ಲ ಭಕ್ತಿಗೆ ಕಾರಣವಿತ್ತು. ಆ ಕರಿನೆಲದಲ್ಲಿ ಗೋಧಿ ಮೊದಲು ಬರೀ ಇಬ್ಬನಿ ಕುಡಿದು ಬೆಳೆಯುತ್ತಿದ್ದ ಬೆಳೆ. ಮಳೆಗಾಲ ತನ್ನ ಪಂಚಾಂಗವನ್ನು ಮರೆತ ಮೇಲೆ, ತೆನೆ ಹೂವಾಡುವ ಚಳಿಗಾಲದಲ್ಲೇ ಮಳೆ ಬರತೊಡಗಿತು. ಒದ್ದೆ ತೆನೆಗೆ ಗುಲಾಬಿ ಬಣ್ಣದ ಬೂಜು ಹತ್ತಿತು. ಬೂಜು ನೋಡಲು ಚೆಂದವೇ ಇತ್ತು. ಅದು ಕಾಳಿನೊಳಗೆ ಬಿಟ್ಟ ವಿಷ ಕಣ್ಣಿಗೆ ಕಾಣುತ್ತಿರಲಿಲ್ಲ, ಕುದಿಸಿದರೆ ಸಾಯುತ್ತಿರಲಿಲ್ಲ, ಸುಟ್ಟರೂ ಪೂರ್ತಿ ಹೋಗುತ್ತಿರಲಿಲ್ಲ. ಹೆಚ್ಚು ತಿಂದವರಿಗೆ ವಾಂತಿ, ಕಡಿಮೆ ತಿಂದವರಿಗೆ ಹಸಿವೇ ಇಲ್ಲ. ಆ ವರ್ಷ ಒಂದು ಮದುವೆಯಲ್ಲಿ ಗೋಧಿ ಹುಗ್ಗಿ ಉಂಡ ಬೀಗರು, ತಮಗಾದದ್ದು ಅವಮಾನವೋ ಅಜೀರ್ಣವೋ ಎಂದು ತೀರ್ಮಾನಿಸುವಷ್ಟರಲ್ಲಿ ಆಸ್ಪತ್ರೆ ತುಂಬಿ ಹೋಗಿತ್ತು. ಜನ ನಿಂತ ಬೆಳೆಗೆ ಬೆಂಕಿ ಹಚ್ಚಿದರು. ಅದನ್ನು ಊರವರು ಈಗಲೂ ಕೆಂಪು ಸುಗ್ಗಿ ಎನ್ನುತ್ತಾರೆ. ಪೆಟ್ಟಿಗೆ ಬಂದದ್ದು ಆಮೇಲೆ. ಪೆಟ್ಟಿಗೆಯನ್ನು ಸದಾ ಹಸಿರಾಗಿಡುವ ಗೋಧಿ ಬಂದದ್ದು ಅದರ ಬೆನ್ನಿಗೆ.

ಆ ಗೋಧಿಯ ಹೆಸರು ನಿರ್ಮಲಾ-೪. ಮೊದಲ ಮೂರು ನಿರ್ಮಲೆಯರ ಬಗ್ಗೆ ಗೋಧಿ ಕೇಂದ್ರದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಾಲ್ಕನೆಯದನ್ನು ಬೆಳೆಸಿದವಳು ಡಾ. ಮುಕ್ತಾ ಹಲಗೇರಿ. ಊರಿನ ಸನ್ಮಾನ ಸಮಾರಂಭದಲ್ಲಿ ಭಾಷಣಕಾರರೊಬ್ಬರು, ನಮ್ಮ ಗಿರಣಿಯ ಹಸಿರು ದೀಪಕ್ಕೆ ಎಣ್ಣೆ ಎರೆದ ತಾಯಿ ಈಕೆ ಎಂದಿದ್ದರು. ಕರೆಂಟಿನ ದೀಪಕ್ಕೆ ಎಣ್ಣೆ ಯಾಕೆ ಎಂದು ಯಾರೂ ಕೇಳಲಿಲ್ಲ. ಮುಕ್ತಾಳಿಗೂ ಆ ಮಾತು ಒಳಗೊಳಗೆ ಇಷ್ಟವಾಗಿತ್ತು. ಶಾಲು ಹೊದೆಸಿಕೊಳ್ಳುವಾಗ ಅವಳು ಸಭಿಕರ ಮೊದಲ ಸಾಲಿನಲ್ಲಿ ಕೂತಿದ್ದ ಉಪಾಧ್ಯೆಯವರನ್ನೇ ನೋಡುತ್ತಿದ್ದಳು.

ಡಾ. ವಸುಪಾಲ ಉಪಾಧ್ಯೆ ಕೇಂದ್ರದ ನಿರ್ದೇಶಕರು, ಮುಕ್ತಾಳ ಗುರುಗಳು. ಬೆಳಗಾವಿ ಕಡೆಯವರು, ಒಂಟಿ ಜೀವ. ಕಾಡುಹುಲ್ಲೊಂದರಿಂದ ಬೂಜಿನ ವಿಷವನ್ನು ನಿರ್ವಿಷ ಮಾಡುವ ವಂಶವಾಹಿಯನ್ನು ಹುಡುಕಿ ಅವಳ ಕೈಗೆ ಕೊಟ್ಟವರು ಅವರು. ಅದನ್ನು ಗೋಧಿಗೆ ಸೇರಿಸಿ, ಹೊಲಕ್ಕೆ ಹೊಂದಿಸಿ, ಕಾಳು ಕಟ್ಟಿಸಿದವಳು ಅವಳು. ತಿನ್ನುವವರ ಹೊಟ್ಟೆಯ ಪರೀಕ್ಷೆಗಳನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ, ನೀನು ಹೊಲ ನೋಡು ಎಂದು ಅವರು ಅಂದು ಕೆಲಸ ಹಂಚಿದ್ದರು. ತಂದೆಯಿಲ್ಲದೆ ಬೆಳೆದ ಮುಕ್ತಾಳಿಗೆ ಆ ಮಾತಿನಲ್ಲಿ ತಂದೆಯ ದನಿ ಕೇಳಿಸಿತ್ತು.

ಹಬ್ಬಕ್ಕೆ, ಹುಣ್ಣಿಮೆಗೆ ಉಪಾಧ್ಯೆಯವರ ಊಟ ಮುಕ್ತಾಳ ಮನೆಯಲ್ಲೇ. ಅವಳ ಗಂಡ ರೈಲ್ವೆ ಗಾರ್ಡು. ಮನೆಗಿಂತ ಹೊಸಪೇಟೆಯಲ್ಲಿ ರೈಲು ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಮಲಗಿದ್ದೇ ಹೆಚ್ಚು. ಹಾಗಾಗಿ ಅತಿಥಿಯನ್ನು ಉಪಚರಿಸುವ ಕೆಲಸ ಅತ್ತೆ ಈರವ್ವನದು. ನಿರ್ಮಲಾ ಬಂದ ಮೇಲೆ ಆ ಮನೆಯಲ್ಲಿ ಮೂರು ಹೊತ್ತೂ ಚಪಾತಿ. ಸೊಸೆ ಬೆಳೆಸಿದ ಗೋಧಿಯನ್ನು ಬಿಟ್ಟು ಬೇರೆ ಕಾಳು ಒಳಗೆ ಬಂದರೆ ಬೀದಿಯವರು ಏನಂದಾರು? ಜೋಳದ ರೊಟ್ಟಿ ಬಡಿಯುತ್ತಿದ್ದುದು ಉಪಾಧ್ಯೆಯವರು ಬಂದಾಗ ಮಾತ್ರ. ಅವರಿಗೆ ಸಕ್ಕರೆ ಕಾಯಿಲೆ, ಗೋಧಿ ಒಗ್ಗುವುದಿಲ್ಲ.

“ಹುಗ್ಗಿ ಬ್ಯಾಡ ಈರವ್ವ, ನನಗ ಸಕ್ಕರಿ ಬ್ಯಾನಿ ಐತಿ,” ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುವರು. ಊಟವಾದ ಮೇಲೆ ತಾವೇ ತಂದ ಕುಂದಾದ ಪೊಟ್ಟಣ ಬಿಚ್ಚಿ ಎರಡು ತುಂಡು ಬಾಯಿಗೆ ಹಾಕಿಕೊಳ್ಳುವರು.

“ಕುಂದಾದಾಗ ಸಕ್ಕರಿ ಇಲ್ಲೇನ್ರೀ ಸಾಹೇಬ್ರ?” ಎಂದು ಈರವ್ವ ಕೇಳಿದರೆ, “ಅದು ನಮ್ಮ ಊರಿಂದು, ಅದಕ್ಕ ಗೊತ್ತೈತಿ ನನ್ನ ಬ್ಯಾನಿ,” ಎನ್ನುವರು. ಮನೆ ತುಂಬ ನಗು. ದೊಡ್ಡವರಿಗೆ ಇಂಥ ಒಂದು ಹುಚ್ಚು ಇದ್ದರೆ ಉಳಿದವರಿಗೆ ಅವರನ್ನು ಪ್ರೀತಿಸುವುದು ಸುಲಭವಾಗುತ್ತದೆ.

ಉಪಾಧ್ಯೆಯವರು ಹೆಚ್ಚು ಪ್ರೀತಿ ತೋರಿಸುತ್ತಿದ್ದದ್ದು ಮುಕ್ತಾಳ ಏಳು ವರ್ಷದ ಮಗಳು ತುಂಗಾಳ ಮೇಲೆ. ಬಂದ ಕೂಡಲೇ ಅವರ ಮೊದಲ ಪ್ರಶ್ನೆ, ಕೂಸು ಏನು ಉಂಡಿತು ಎಂದು. ಒಂದು ಹುಟ್ಟುಹಬ್ಬಕ್ಕೆ ಗೋಡೆಗೆ ಅಂಟಿಸುವ ಜಿರಾಫೆಯ ಚಿತ್ರ ತಂದುಕೊಟ್ಟಿದ್ದರು. ಅದರ ಗೊರಸಿನಿಂದ ಉದ್ದ ಕೊರಳಿನವರೆಗೆ ಅಳತೆಯ ಗೆರೆಗಳು. ಪ್ರತಿ ಸಲ ತುಂಗಾಳನ್ನು ಅದಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮೇಲೆ ಪೆನ್ಸಿಲ್ ಇಟ್ಟು ಗೆರೆ ಎಳೆಯುತ್ತಿದ್ದರು. ಜಿರಾಫೆಯ ಕೊರಳು ಮೇಲಕ್ಕೆ ಬೇಕಾದಷ್ಟಿತ್ತು. ಗೆರೆಗಳು ಮಾತ್ರ ಅದರ ಮೊಣಕಾಲಿನ ಆಸುಪಾಸಿನಲ್ಲೇ ಒತ್ತೊತ್ತಾಗಿ ಕೂತಿದ್ದವು.

ತುಂಗಾ ಉಣ್ಣುತ್ತಿರಲಿಲ್ಲ. ಹಟವಿಲ್ಲ, ಅಳುವಿಲ್ಲ, ಅರ್ಧ ಚಪಾತಿಗೆ ಸಾಕು ಎಂದು ಸಂತೋಷವಾಗಿ ಎದ್ದುಬಿಡುತ್ತಿದ್ದಳು. ಈರವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು, ಪೊರಕೆ ಕಡ್ಡಿ ಸುಟ್ಟಳು, ದಾವಲಸಾಬರ ಮಾತು ಕೇಳಿ ದರ್ಗಾದಲ್ಲಿ ತಾಯತ ಕಟ್ಟಿಸಿದಳು. ಯಾವುದೂ ನಾಟದಿದ್ದಾಗ, ತಾಯಿಯ ಕೈತುತ್ತು ಇಲ್ಲದ ಕೂಸಿಗೆ ಎಲ್ಲಿಯ ಹಸಿವು ಎಂದು ಗೋಡೆಗೆ ಹೇಳುವಂತೆ ಸೊಸೆಗೆ ಹೇಳಿದಳು. ಹಾಗೆ ನೋಡಿದರೆ ಊರಿನ ಮಕ್ಕಳೆಲ್ಲ ಹೀಗೆಯೇ ಇದ್ದರು. ಔಷಧದ ಅಂಗಡಿಗಳಲ್ಲಿ ಹಸಿವಿನ ಟಾನಿಕ್ಕಿಗೆ ಬೇರೆಯದೇ ಕಪಾಟು ಆಗಿತ್ತು. ಜನ ನಿರ್ಮಲೆಯನ್ನು ಹೊಗಳುವಾಗಲೂ ಅದನ್ನೇ ಹೊಗಳುತ್ತಿದ್ದರು: ಎರಡು ಚಪಾತಿಗೆ ಹೊಟ್ಟೆ ತುಂಬುತ್ತದೆ, ಕಾಳಿನಲ್ಲಿ ಅಷ್ಟು ಸತ್ವ. ರೇಷನ್ನಿನ ಗೋಧಿ ಮಿಕ್ಕುತ್ತಿದೆ ಎಂದು ಸರ್ಕಾರಕ್ಕೂ ಸಂತೋಷ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ರಾಜ್ಯದ ಎಲ್ಲ ಮಕ್ಕಳ ಬಿಸಿಯೂಟಕ್ಕೂ ನಿರ್ಮಲೆಯೇ ಎಂದು ತೀರ್ಮಾನವಾಗಿತ್ತು.

ಆ ಬೇಸಿಗೆಯಲ್ಲಿ ಈರವ್ವ ಎಂದಿನಂತೆ ಬೀದಿಗೆಲ್ಲ ಮೊದಲು ಕುರಡಗಿಗೆ ಗೋಧಿ ನೆನೆಹಾಕಿದಳು. ಕುರಡಗಿ ಎಂದರೆ ತಾಳ್ಮೆಯ ತಿಂಡಿ. ಗೋಧಿಯನ್ನು ನೀರು ಬದಲಿಸುತ್ತ ಹುಳಿ ಬರುವವರೆಗೆ ನೆನೆಸಬೇಕು, ರುಬ್ಬಿ ಹಾಲು ತೆಗೆಯಬೇಕು, ಆ ಹಾಲನ್ನು ಗಟ್ಟಿಯಾಗಿ ಕಾಯಿಸಿ ಶ್ಯಾವಿಗೆಯಂತೆ ಒತ್ತಿ ಮಾಳಿಗೆಯ ಬಿಸಿಲಿಗೆ ಹಾಕಬೇಕು. ಮೊದಲೆಲ್ಲ ಮನೆಯ ಒರಳಿನಲ್ಲೇ ರುಬ್ಬುತ್ತಿದ್ದರು. ಈ ವರ್ಷ ದಾವಲಸಾಬರು ಹಸಿ ಗೋಧಿ ರುಬ್ಬುವ ಯಂತ್ರ ತಂದಿದ್ದರು. ಕಾನೂನಿನ ಪ್ರಕಾರ ಅದಕ್ಕೂ ಮೂಗಪ್ಪನ ಅಪ್ಪಣೆ ಬೇಕು.

ಒಂದು ರಾತ್ರಿ ಊಟಕ್ಕೆ ಕೂತಾಗ ಈರವ್ವ ಹಿಂದಿನ ವಾರ ಗಿರಣಿಯಲ್ಲಿ ನಡೆದ ಪ್ರಸಂಗವನ್ನು ಬಣ್ಣ ಕಟ್ಟಿ ಹೇಳಿದಳು. ಬಕೆಟ್ಟಿನಿಂದ ಒಂದು ಹಿಡಿ ಹುಳಿ ಗೋಧಿ ತೆಗೆದು ಬಟ್ಟಲಿಗೆ ಹಾಕಿದಳಂತೆ, ಮೂಗಪ್ಪನಿಗೆ ಸಿಟ್ಟು ಬಂದು ಕಣ್ಣು ಕೆಂಪಾಯಿತಂತೆ. ಸರದಿಯಲ್ಲಿದ್ದ ಹೆಂಗಸರೆಲ್ಲ ಹೌಹಾರಿದರಂತೆ. ಇಡೀ ಬೇಸಿಗೆ ಗಿರಣಿ ಮುಚ್ಚಿಸುತ್ತೀಯಾ ಎಂದು ದಾವಲಸಾಬರು ತಲೆಯ ಮೇಲೆ ಕೈ ಹೊತ್ತರಂತೆ. ಆಮೇಲೆ ಅವರೇ ದಾರಿ ಹುಡುಕಿದರು. ಹುಳಿ ವಾಸನೆಗೆ ಮೂಗು ಕಟ್ಟಿದೆ ಎಂದು ಕೇಂದ್ರಕ್ಕೆ ಫೋನು ಮಾಡಿ, ಮನುಷ್ಯನನ್ನು ಕರೆಸಿ ಬೀಗ ತೆಗೆಸಿಕೊಂಡು, ಸರದಿಗೆ ಹೇಳಿದರು: “ಒಣಾದು ತೋರಸ್ರಿ, ಹಸೀದು ಬೀಸ್ತೀನಿ.” ಅಂದಿನಿಂದ ಎಲ್ಲರೂ ಬಕೆಟ್ಟಿನ ಜೊತೆ ಸೆರಗಿನಲ್ಲಿ ಒಂದು ಹಿಡಿ ಒಣ ಗೋಧಿ ಕಟ್ಟಿಕೊಂಡು ಹೋಗುತ್ತಿದ್ದಾರೆ. ಮೂಗಪ್ಪನಿಗೆ ಒಣಗಿದ್ದರ ನೈವೇದ್ಯ, ಯಂತ್ರಕ್ಕೆ ಹಸಿಯದು.

ಮುಕ್ತಾ ನಕ್ಕಳು. ತುತ್ತು ಬಾಯಿಗೆ ಹೋಗುವ ಮೊದಲೇ ಆ ನಗು ನಿಂತಿತು. ಆ ಪೆಟ್ಟಿಗೆ ಹುಳಿಗೆ ಮೋಸ ಹೋಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಮೊಸರು, ಅಂಬಲಿ, ಹಳಸಿದ ಹಿಟ್ಟು, ಎಲ್ಲವನ್ನೂ ಅದಕ್ಕೆ ಮೂಸಿಸಿ ನೋಡಿದವರಲ್ಲಿ ಅವಳೂ ಒಬ್ಬಳು.

ಮರುದಿನ ಅತ್ತೆ ಎರಡನೇ ಸಲ ನೆನೆಹಾಕಿದ್ದ ಬಕೆಟ್ಟಿನ ಗೋಧಿಯನ್ನೂ ಹುಳಿ ನೀರನ್ನೂ ಅದೇ ಚೀಲದ ಒಣ ಕಾಳನ್ನೂ ಡಬ್ಬಿಗಳಲ್ಲಿ ಹಾಕಿಕೊಂಡು ಕೇಂದ್ರದ ಪ್ರಯೋಗಾಲಯಕ್ಕೆ ಹೋದಳು. ಒಣ ಕಾಳಿನಲ್ಲಿ ವಿಷವಿಲ್ಲ. ನೆನೆದ ಕಾಳಿನಲ್ಲಿ ಇದೆ. ಚೆಲ್ಲಲು ಇಟ್ಟಿದ್ದ ಹುಳಿ ನೀರಿನಲ್ಲಿ ಇನ್ನೂ ಹೆಚ್ಚಿದೆ. ನೆನೆಯುವಾಗ ಹೊಸ ಬೂಜು ಬಂದಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕೇಂದ್ರದ ಹೊಲದ ಬೂಜಿಲ್ಲದ ಸಾಲಿನಲ್ಲಿ ಬೆಳೆದಿದ್ದ ಹಳೆಯ ತಳಿ ಜವೆ ಗೋಧಿಯನ್ನು ತಂದು ಅದೇ ಹುಳಿ ಹೆಪ್ಪಿನಲ್ಲಿ ನೆನೆಸಿಟ್ಟಳು. ದಿನ ಕಳೆದು ನೋಡಿದರೆ ಅದು ಶುದ್ಧವಾಗಿಯೇ ಇತ್ತು. ವಿಷ ಹೊರಗಿನಿಂದ ಬಂದಿರಲಿಲ್ಲ. ನಿರ್ಮಲೆಯ ಒಳಗೇ ಇತ್ತು, ಯಾರೋ ಬಾಗಿಲು ತೆಗೆಯಲಿ ಎಂದು ಕಾಯುತ್ತ.

ಬಾಗಿಲು ಹಾಕಿದವಳು ತಾನೇ ಎನ್ನುವುದು ಮುಕ್ತಾಳಿಗೆ ನಿಧಾನವಾಗಿ ತಿಳಿಯಿತು. ಆ ಕಾಡುಹುಲ್ಲಿನ ವಂಶವಾಹಿ ಮಾಡುತ್ತಿದ್ದ ಕೆಲಸ ಸರಳ. ಬೂಜು ವಿಷ ಬಿಟ್ಟಾಗ ಗಿಡ ಪ್ರತಿಯೊಂದು ವಿಷದ ಕಣಕ್ಕೂ ಒಂದು ಸಕ್ಕರೆಯ ಕಣವನ್ನು ಹೊದಿಸುತ್ತದೆ. ಹೊದ್ದುಕೊಂಡ ವಿಷ ಗಿಡಕ್ಕೆ ಏನೂ ಮಾಡದು. ಪೆಟ್ಟಿಗೆಗೆ ಕಲಿಸಿದ್ದು ಬತ್ತಲೆ ವಿಷದ ಗುರುತು ಮಾತ್ರ. ಹೊದಿಕೆ ಹೊದ್ದದ್ದು ಎದುರಿಗೇ ಹಾದುಹೋದರೂ ಅದು ಹಸಿರು ದೀಪ ಹೊತ್ತಿಸುತ್ತದೆ. ಹೊದಿಕೆ ಹೊಟ್ಟೆಯಲ್ಲಿ ಬಿಚ್ಚುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ ಎಂದು ಹೇಳಿದ್ದವರು ಉಪಾಧ್ಯೆಯವರು. ಆದರೆ ಹುಳಿಯ ಸೂಕ್ಷ್ಮಜೀವಿಗಳಿಗೆ ಸಕ್ಕರೆ ಇಷ್ಟ. ಅವು ಹೊದಿಕೆ ತಿಂದು ವಿಷವನ್ನು ಬಕೆಟ್ಟಿನಲ್ಲೇ ಬಿಟ್ಟಿದ್ದವು. ಮನುಷ್ಯನ ಕರುಳಿನಲ್ಲಿ ಇರುವುದೂ ಅವುಗಳ ಸೋದರರೇ.

ಒಂದು ವಿಷಯ ನೆನೆದು ಅವಳಿಗೆ ನಗು ಬಂದಂತಾಯಿತು. ಬಿಚ್ಚಿಕೊಂಡ ವಿಷದಲ್ಲಿ ಬಹುಪಾಲು ನೀರಿನ ಜೊತೆ ಚರಂಡಿಗೆ ಹೋಗಿತ್ತು. ಕೆಂಪು ದೀಪ ಹೊತ್ತಿಸಿದ ಕುರಡಗಿಯೇ ತನ್ನ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ವಿಷದ ಆಹಾರ. ಹಸಿರು ದೀಪದ ಚಪಾತಿಯನ್ನು ಅವಳು ದಿನಾ ತುಂಗಾಳ ಬಾಯಿಗೆ, ಇನ್ನೊಂದು ತುತ್ತು ಚಿನ್ನಾ ಎಂದು ಬೇಡಿಕೊಂಡು ತುರುಕಿದ್ದಳು.

ಉಪಾಧ್ಯೆಯವರು ಕೇಂದ್ರದ ತಮ್ಮ ಕೊಠಡಿಯಲ್ಲಿ ಅವಳ ಮಾತನ್ನು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ, ಹುಬ್ಬು ಏರಿಸಲಿಲ್ಲ. ತಪ್ಪು ಕಂಡುಹಿಡಿದ ವಿದ್ಯಾರ್ಥಿನಿಯ ಮೇಲೆ ಗುರುಗಳಿಗೆ ಬರಬೇಕಾದ ಸಿಟ್ಟಾಗಲಿ ಹೆಮ್ಮೆಯಾಗಲಿ ಕಾಣಲಿಲ್ಲ. ಅವಳು ಮುಗಿಸಿದ ಮೇಲೆ, ಯಾರ್ಯಾರಿಗೆ ಹೇಳಿದ್ದೀಯಾ ಎಂದು ಮಾತ್ರ ಕೇಳಿದರು. ಆಗ ಮುಕ್ತಾಳಿಗೆ ಕುರ್ಚಿ ತಣ್ಣಗಾದಂತಾಯಿತು.

“ನಿಮಗ ಗೊತ್ತಿತ್ತೇನ್ರಿ, ಸರ್?”

“ಮೊದಲ ಬೆಳಿ ಬಂದಾಗಿಂದ ಗೊತ್ತೈತಿ,” ಎಂದರು ಅವರು, ಹವಾಮಾನ ಹೇಳುವಂತೆ. “ನಾ ಎಲ್ಲೂ ಸುಳ್ಳು ಬರದಿಲ್ಲ. ಪೆಟ್ಟಿಗಿ ಮಾಡಾವ್ರು ಯಾವ ವಿಷ ಹುಡುಕೂಣು ಅಂತ ಕೇಳಿದ್ರು. ನಾ ಒಂದರ ಹೆಸರು ಕೊಟ್ಟೆ. ಎರಡನೇದ್ದು ಅವರು ಕೇಳಲಿಲ್ಲ.”

ಹೊಟ್ಟೆಯ ಪರೀಕ್ಷೆ ಮಾಡುತ್ತೇನೆ ಎಂದಿದ್ದಿರಲ್ಲ ಎಂದು ಅವಳು ಕೇಳಿದಳು. ಮಾಡಿದ್ದೆ ಎಂದರು. ಕೆಂಪು ಸುಗ್ಗಿಯನ್ನು ಮರೆತೆಯಾ ಎಂದು ತಿರುಗಿ ಕೇಳಿದರು. ಹೊಲಕ್ಕೆ ಬೆಂಕಿ, ಆಸ್ಪತ್ರೆಯ ಅಂಗಳದಲ್ಲಿ ಜನ, ಊರೂರಿನಲ್ಲಿ ಕಲ್ಲು ತೂರಾಟ. ಈಗ ಯಾರೂ ವಾಂತಿ ಮಾಡುವುದಿಲ್ಲ. ರೈತ ಬೆಳೆಯುತ್ತಾನೆ, ಜನ ತಿನ್ನುತ್ತಾರೆ, ದೇಶ ನಡೆದಿದೆ. ಅವರ ಮಾತು ಎಷ್ಟು ಒಪ್ಪವಾಗಿತ್ತೆಂದರೆ, ಅದನ್ನು ಅವರು ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡಿರಬೇಕು ಎಂದು ಮುಕ್ತಾಳಿಗೆ ಅನ್ನಿಸಿತು.

“ಭಾಳ ಸಣ್ಣ ಪರಿಣಾಮ, ಮುಕ್ತಾ. ದೊಡ್ಡವರಿಗೆ ಏನೂ ಆಗಂಗಿಲ್ಲ. ಮಕ್ಕಳು ಒಂದೀಟು ಕಮ್ಮಿ ಉಣತಾವ, ಒಂದೀಟು ಗಿಡ್ಡ ಉಳೀತಾವ. ಅಂದಾಜಲೇ ಹೇಳಾಕತ್ತಿಲ್ಲ ನಾ. ಅಳತಿ ಮಾಡೀನಿ.”

“ಎಲ್ಲಿ ಮಾಡಿದ್ರಿ ಅಳತಿ?”

ಅವರು ಚಹಾದ ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು.

“ನಿಮ್ಮನ್ಯಾಗ.”

ಹೊರಗೆ ಯಾರೋ ಬೀಜದ ಚೀಲಗಳನ್ನು ಎತ್ತಿ ಹಾಕುತ್ತಿದ್ದರು. ಉಪಾಧ್ಯೆಯವರು ಇನ್ನೂ ವಿವರಿಸುತ್ತಿದ್ದರು. ಬೇರೆ ಯಾವ ಮನೆಯಲ್ಲೂ ಬರೀ ನಿರ್ಮಲೆಯನ್ನೇ ತಿನ್ನುತ್ತಾರೆ ಎನ್ನುವ ಖಾತ್ರಿ ಇರಲಿಲ್ಲವಂತೆ. ಅಕ್ಕಿ ಬೆರೆಸುತ್ತಾರೆ, ಜೋಳ ಬೆರೆಸುತ್ತಾರೆ, ಲೆಕ್ಕ ಕೆಡುತ್ತದೆ. ಅವಳ ಮನೆಯಲ್ಲಿ ಮಾತ್ರ ಕೂಸಿನ ತಟ್ಟೆಗೆ ಬೇರೆ ಕಾಳು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಷ್ಟು ಅಭಿಮಾನ ಅವಳಿಗೆ ಆ ಗೋಧಿಯ ಮೇಲೆ. ಮುಕ್ತಾಳ ಕಣ್ಣ ಮುಂದೆ ಜಿರಾಫೆಯ ಮೊಣಕಾಲು ಬಂತು. ನೆತ್ತಿಯ ಮೇಲೆ ಪೆನ್ಸಿಲ್ ಇಟ್ಟು, ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ ಗೆರೆ ಎಳೆಯುವ ಮುದುಕ. ಅಜ್ಜನ ಅಕ್ಕರೆ ಎಂದು ಅವಳು ಎರಡು ಸಲ ಫೋಟೋ ಕೂಡ ತೆಗೆದಿದ್ದಳು. ಆಮೇಲೆ ಕುಂದಾದ ತುಂಡು ನೆನಪಿಗೆ ಬಂತು.

“ನಿಮಗ ಸಕ್ಕರಿ ಬ್ಯಾನಿ ಇಲ್ಲ,” ಎಂದಳು.

ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಹೋಗುವುದಿದ್ದರೆ ಹೋಗಿ ಹೇಳು ಎಂದರು. ಕಾನೂನಿನ ಪ್ರಕಾರ ವಿಷವೆಂದರೆ ಪೆಟ್ಟಿಗೆ ಕೆಂಪಾಗುವುದು, ಹಸಿರು ಹಸಿರೇ. ತಳಿಯ ಮೇಲೆ ಇರುವ ಹೆಸರು ಅವಳದು. ಶಾಲು ಹೊದ್ದವಳು ಅವಳು. ಈಗ ಎದ್ದು ನಿಂತು ಇದು ವಿಷ ಎಂದರೆ, ಜನ ಮೊದಲು ಕೇಳುವುದು ಯಾರನ್ನು?

ಮನೆಗೆ ಬಂದಾಗ ಈರವ್ವ ಮಾಳಿಗೆಯ ಮೇಲೆ ಕುರಡಗಿ ತಿರುವಿ ಹಾಕುತ್ತಿದ್ದಳು. ಮುಕ್ತಾ ಅಲ್ಲೇ ಬಿಸಿಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸಕ್ಕರೆಯ ಹೊದಿಕೆಯ ಮಾತನ್ನು ಅತ್ತೆಗೆ ಹೇಗೆ ಬಿಡಿಸಿ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಅದು ಕಷ್ಟವಾಗಲೇ ಇಲ್ಲ. ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿ ಕೂಸಿಗೆ ನುಂಗಿಸುವುದನ್ನು ಈರವ್ವ ನಲವತ್ತು ವರ್ಷದಿಂದ ಮಾಡುತ್ತ ಬಂದಿದ್ದಳು.

“ಈ ಗೋಧಿ ನೀ ಮಾಡಿದ್ದು?”

“ಹೂಂ.”

“ನಿನಗ ಗೊತ್ತಿದ್ದಿಲ್ಲ?”

“ಇಲ್ಲ ಅತ್ತಿ.”

“ಆತಗ?”

“ಗೊತ್ತಿತ್ತು.”

ಈರವ್ವ ಮತ್ತೆ ಕುರಡಗಿ ತಿರುವತೊಡಗಿದಳು. ಒಂದು ಸುರುಳಿ ಮುರಿಯಿತು. ಮುರಿದದ್ದನ್ನು ಬೇರೆಯಾಗಿ ಎತ್ತಿಟ್ಟಳು. ಬಯ್ಯುತ್ತಾಳೆ ಎಂದು ಮುಕ್ತಾ ಕಾದಿದ್ದಳು. ಬೈಗುಳ ಬಂದಿದ್ದರೆ ಹಗುರವಾಗುತ್ತಿತ್ತು.

“ಆತಗ ನಾ ರೊಟ್ಟಿ ಬಡದು ಕೊಟ್ಟೆ,” ಎಂದಳು ಈರವ್ವ. “ಬಿಸಿ ಬಿಸಿ ರೊಟ್ಟಿ, ಬೆಣ್ಣಿ ಹಚ್ಚಿ. ಬಾಜೂಕ ಕುಂತ ಕೂಸಿಗೆ ಚಪಾತಿ ನೀಡಿದೆ. ಆತ ನೋಡಿಕೋಂತ ಉಂಡ. ನಿನ್ನ ಕೈಯಾಗ ಅಮೃತ ಐತಿ ಈರವ್ವ ಅಂದ.”

ಅಂದು ರಾತ್ರಿ ಒಲೆಯ ಮೇಲೆ ಜೋಳದ ರೊಟ್ಟಿ ಬಿತ್ತು. ತುಂಗಾ ಅರ್ಧ ತಿಂದು ಸಾಕೆಂದಳು. ಮರುದಿನವೂ ಅಷ್ಟೇ. ನಿರ್ಮಲೆಯ ಚೀಲ ಹಿತ್ತಿಲಿನ ಮೂಲೆಗೆ ಹೋಯಿತು. ಸೊಸೆ ತನ್ನ ಗೋಧಿಯನ್ನೇ ಹೊರಗೆ ಹಾಕಿದ್ದನ್ನು ನೋಡಿ ಬೀದಿಯವರು ಅತ್ತೆ ಸೊಸೆಗೆ ಜಗಳ ಎಂದುಕೊಂಡರು. ಮುಕ್ತಾ ಕೇಂದ್ರಕ್ಕೆ ಹೋದಳು, ಬಂದಳು. ಉಪಾಧ್ಯೆಯವರು ಎಂದಿನಂತೆ ನಮಸ್ಕಾರ ಸ್ವೀಕರಿಸಿದರು. ಅವಳ ಬಾಯಿ ಕಟ್ಟಿದೆ ಎಂದು ಅವರಿಗೆ ಅನ್ನಿಸಿತ್ತು, ಅವಳಿಗೂ ಹಾಗೆಯೇ ಅನ್ನಿಸುತ್ತಿತ್ತು. ರಾಜಧಾನಿಗೆ ಅವಳು ಬರೆದದ್ದಕ್ಕೆ ನಯವಾದ ಉತ್ತರ ಬಂದಿತ್ತು. ಪೆಟ್ಟಿಗೆಗಳ ವರದಿಯಲ್ಲಿ ದೋಷ ಕಂಡಿಲ್ಲವಂತೆ. ತಳಿಯ ತಾಯಿಯಾದ ತಾವೇ ಹೀಗೆನ್ನುವುದು ಆಶ್ಚರ್ಯವಂತೆ.

ವಾರ ಕಳೆದಿತ್ತೋ ಹತ್ತು ದಿನವೋ. ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ತುಂಗಾ ರೊಟ್ಟಿಯ ಜೊತೆ ಎಣ್ಣೆಗಾಯಿ ಪಲ್ಯ ಮುಗಿಸಿ ಬೆರಳು ನೆಕ್ಕಿದಳು. ಏಳುತ್ತಾಳೆ ಎಂದು ಈರವ್ವ ನೀರಿನ ಚೊಂಬು ಮುಂದೆ ಸರಿಸಿದಳು.

“ಅಜ್ಜಿ, ಇನ್ನೊಂದು ಕೊಡು.”

ಏಳು ವರ್ಷದಲ್ಲಿ ಆ ಮನೆ ಕೇಳದ ಮಾತು ಅದು. ಈರವ್ವ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಲ್ಲೇ ಎತ್ತಿ ತಟ್ಟೆಗೆ ಹಾಕಿದಳು. ಕೈ ಸುಟ್ಟದ್ದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಮುಕ್ತಾ ಮಗಳು ಜಗಿಯುವುದನ್ನು ನೋಡುತ್ತ ಕೂತಳು. ಎಂಥ ತಾಯಿಗೂ ಹಬ್ಬವಾಗಬೇಕಾದ ಗಳಿಗೆ. ಅವಳಿಗೆ ಮಾತ್ರ ಪ್ರತಿ ತುತ್ತೂ ಹಿಂದಿನ ವರ್ಷಗಳ ತುತ್ತುಗಳನ್ನು ಎಣಿಸಿ ತೋರಿಸಿದಂತಿತ್ತು.

ಈರವ್ವ ಅವತ್ತು ಊಟ ಮಾಡಲಿಲ್ಲ. ಕೈ ತೊಳೆದು ಫೋನು ಹಿಡಿದು ಕೂತಳು. ಮೊದಲು ತಂಗಿಗೆ, ಆಮೇಲೆ ತಂಗಿಯ ಬೀಗಿತಿಗೆ, ತವರಿನ ಕಡೆಯವರಿಗೆ, ಅವರ ಸೊಸೆಯಂದಿರಿಗೆ. ಕುರಡಗಿಯ ಕಾಲ. ಆ ಸೀಮೆಯಲ್ಲಿ ಒಂದು ಬಕೆಟ್ಟು ಗೋಧಿ ನೆನೆಯದ ಮನೆ ಇರಲಿಲ್ಲ, ಹಸಿ ಯಂತ್ರ ಬರದ ಗಿರಣಿ ಇರಲಿಲ್ಲ, ಒಣ ಹಿಡಿ ತೋರಿಸುವ ಉಪಾಯ ಕಲಿಯದ ಹೆಂಗಸು ಇರಲಿಲ್ಲ. ಈರವ್ವ ವಿಜ್ಞಾನದ ಮಾತು ಆಡಲಿಲ್ಲ. ನಿಮ್ಮ ಮನೆಯ ಕೂಸು ಉಣ್ಣುತ್ತದೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ನಮ್ಮದು ಉಂಡಿತು ಎಂದಳು, ಹೇಗೆ ಎಂದು ಹೇಳಿದಳು. ಕೊನೆಗೆ ಪ್ರತಿಯೊಬ್ಬರಿಗೂ ಒಂದೇ ಮಾತು: “ಸೋಮವಾರ ಒಣಾದು ತೋರಸಬ್ಯಾಡ್ರಿ. ಹಸೀದನ್ನ ತೋರಸ್ರಿ.”

ಸೋಮವಾರ ದಾವಲಸಾಬರ ಗಿರಣಿಗೆ ಈರವ್ವನೇ ಮೊದಲು ಹೋದಳು. ಅವರು ಅವಳ ಸೆರಗಿನ ಗಂಟನ್ನು ಹುಡುಕಿದರು, ಗಂಟಿರಲಿಲ್ಲ. ಗಿರಣಿಗೆ ನೀನೇ ಬೀಗ ಹಾಕುತ್ತೀಯಲ್ಲವ್ವ ಎಂದು ಗೊಣಗಿದರು. ಆಮೇಲೆ ಉಣ್ಣದ ತಮ್ಮ ಮೊಮ್ಮಗನ ತೋಳಿಗೆ ಕಟ್ಟಿಸಿದ್ದ ತಾಯತ ನೆನಪಾಯಿತೋ ಏನೋ, ಬಕೆಟ್ಟಿಗೆ ತಾವೇ ಕೈ ಹಾಕಿ ಒಂದು ಹಿಡಿ ತೆಗೆದು ಬಟ್ಟಲಿಗೆ ಸುರಿದರು.

ಆ ದಿನ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಮುಕ್ತಾಳ ಸರದಿ. ಗೋಡೆಯ ತುಂಬ ಸೀಮೆಯ ನಕ್ಷೆ, ಒಂದೊಂದು ಗಿರಣಿಗೆ ಒಂದೊಂದು ಹಸಿರು ಚುಕ್ಕೆ. ಮೊದಲು ನವಲಹಾಳ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಹೊಳೆಯ ಆಚೆಯ ಎರಡು ಊರು. ಆಮೇಲೆ ಈರವ್ವನ ತವರು. ಅಲ್ಲಿಂದ ಮುಂದೆ ಚುಕ್ಕೆಗಳು ಒಂದಕ್ಕೊಂದು ಕಾಯಲಿಲ್ಲ. ನೆಂಟಸ್ತಿಕೆ ಎಲ್ಲೆಲ್ಲಿ ಹಬ್ಬಿತ್ತೋ ಅಲ್ಲೆಲ್ಲ ಕೆಂಪು ಹಬ್ಬಿತು. ಪ್ರತಿ ಕೆಂಪಿಗೂ ತನ್ನಷ್ಟಕ್ಕೇ ಒಂದು ವರದಿ ರಾಜಧಾನಿಗೆ ಹೋಗುತ್ತಿತ್ತು. ಕಾನೂನು ಬರೆದವರು ಅದನ್ನು ತಡೆಯುವ ಗುಂಡಿ ಇಟ್ಟಿರಲಿಲ್ಲ.

ಉಪಾಧ್ಯೆಯವರು ಬಂದು ಅವಳ ಕುರ್ಚಿಯ ಹಿಂದೆ ನಿಂತರು. ನಕ್ಷೆಯ ಕೆಂಪು ಚುಕ್ಕೆಗಳನ್ನು ಎಣಿಸಿದರು. ಅವರ ಉಸಿರಿನಲ್ಲಿ ಕುಂದಾದ ವಾಸನೆ ಇತ್ತು.

“ಹುಳಿ ವಾಸನಿಗೆ ಪೆಟ್ಟಿಗಿ ಕೆಟ್ಟಾವು ಅಂತ ನೀ ಒಂದು ಮಾತು ಬರದ್ರ ಆತು,” ಎಂದರು. ದನಿ ಅದೇ ಹಳೆಯ ತಂದೆಯ ದನಿ. “ನೀ ಬರದ್ರ ನಂಬ್ತಾರ. ಇಲ್ಲಂದ್ರ ನನಗಿಂತ ಮೊದಲ ನಿನ್ನ ಹೆಸರು ಹೋಗತೈತಿ, ಮುಕ್ತಾ. ವಿಚಾರ ಮಾಡು.”

ಮುಕ್ತಾ ವಿಚಾರ ಮಾಡಿಯೇ ಬಂದಿದ್ದಳು. ಅವಳ ಹೆಸರು ಹೋಗುವುದು ನಿಜ. ಊರಿನ ಹೆಂಗಸರು ಬರುವ ವಾರ ಬಾಗಿಲಿಗೆ ಬಂದು ಏನು ಕೇಳುತ್ತಾರೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಕಾಲ ಬಳಿ ಇಟ್ಟಿದ್ದ ಸುರುಳಿಯನ್ನು ಎತ್ತಿ ಅವರ ಕೈಗೆ ಕೊಟ್ಟಳು. ಅವರು ಒಂದು ಅಂಚು ಬಿಚ್ಚಿದರು. ಜಿರಾಫೆಯ ಗೊರಸು, ಅದರ ಮೇಲೆ ತಮ್ಮದೇ ಪೆನ್ಸಿಲ್ಲಿನ ಒತ್ತೊತ್ತಾದ ಗೆರೆಗಳು.

“ಅಳತಿ ನಡುವ ಬಿಡಬಾರದು ಅಂತ ನೀವಽ ಕಲಿಸೀರಿ ಸರ್,” ಎಂದಳು, ನಕ್ಷೆಯಿಂದ ಕಣ್ಣು ತೆಗೆಯದೆ. “ಗೋಧಿ ಬಿಡಿಸೀನಿ. ಕೂಸು ಎರಡನೇ ರೊಟ್ಟಿ ಕೇಳೇತಿ. ಬರಕೋರಿ.”